ಯಾರೂ ಹಾಕದ ಕೆಮಿಕಲ್

ಸ್ಕ್ಯಾನಿಂಗಿಗೆ ಹೋಗುವ ಹೆಂಗಸರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೂಗುತಿಯ ತಿರುಪನ್ನು ಮನೆಯಲ್ಲೇ ಸಡಿಲ ಮಾಡಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ತೆಂಗಿನೆಣ್ಣೆ ಕೊಡುವವರು ಯಾರೂ ಇರುವುದಿಲ್ಲ. ನೀವು ಮೂಗು ಹಿಡಿದುಕೊಂಡು ಕೂತಿರುತ್ತೀರಿ, ಸಾಲಿನಲ್ಲಿದ್ದವರೆಲ್ಲ ನಿಮ್ಮ ಮೂಗನ್ನೇ ನೋಡುತ್ತಿರುತ್ತಾರೆ. ಎರಡನೆಯದು, ಜೊತೆಗೆ ಯಾರು ಬರಬೇಕೆಂದು ಯೋಚಿಸಿ ಆರಿಸಿಕೊಳ್ಳಿ. ನಾನು ಆಯಿಯನ್ನು, ಅಂದರೆ ನನ್ನ ಹೆತ್ತಮ್ಮನನ್ನು, ಕರೆದುಕೊಂಡು ಹೋಗಿದ್ದೆ. ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಆ ದಿನ ಬೆಳಿಗ್ಗೆ ಕೇಳಿದ್ದರೆ ಕೆಟ್ಟದು ಅನ್ನುತ್ತಿದ್ದೆ. ಈಗ ಆಯಿ ಇಲ್ಲ. ಆ ಪ್ರಯಾಣ ಇನ್ನೊಮ್ಮೆ ಸಿಗುವುದಾದರೆ ಆ ಕಾಯಿಲೆಯನ್ನೂ ಜೊತೆಗೆ ತೆಗೆದುಕೊಳ್ಳಬಹುದಿತ್ತೇನೋ ಅನ್ನಿಸುವ ದಿನಗಳಿವೆ. ಇದು ಬರೀ ಬಾಯಿಮಾತು ಬಿಡಿ. ಆ ಕಾಯಿಲೆಯನ್ನು ಪುಕ್ಕಟೆ ಕೊಟ್ಟರೂ ನಾನು ಒಲ್ಲೆ.

ನಾನು ಬೇಲೆಕೇರಿಯವಳು. ಕಾರವಾರದಲ್ಲಿ ಒಣಮೀನಿನ ಅಂಗಡಿ ಇದೆ. ಅದನ್ನು ಅಪ್ಪ ಮಾಡಿಕೊಟ್ಟದ್ದಲ್ಲ, ಗಂಡ ಮಾಡಿಕೊಟ್ಟದ್ದೂ ಅಲ್ಲ. ನನ್ನ ಬಾಯಿ ಮಾಡಿಕೊಟ್ಟದ್ದು. ಆ ಬಾಯಿಯನ್ನು ಮಾಡಿಕೊಟ್ಟವಳು ಆಯಿ. ಅವಳು ಬುಟ್ಟಿ ಹೊತ್ತು ಭಾವಿಕೇರಿಯ ಮನೆಮನೆಗೆ ಮೀನು ಮಾರಲು ಹೋಗುವಾಗ ನಾನು ಹಿಂದಿನಿಂದ ಓಡುತ್ತಿದ್ದೆ. ಮುಂದೆ ಅಂಕೋಲೆಯ ಮೀನು ಮಾರ್ಕೆಟ್ಟಿನಲ್ಲಿ ಅವಳಿಗೊಂದು ಜಾಗ ಸಿಕ್ಕಿತು. ಅವಳ ಪಕ್ಕ ಕೂತು, ಗಿರಾಕಿಯ ಪಾದ ಯಾವ ಕಡೆ ತಿರುಗಿದೆ ಎಂದು ನೋಡಿಯೇ ಇವರು ನಿಜವಾಗಿ ಹೋಗುವವರೋ, ಹೋದ ಹಾಗೆ ಮಾಡುವವರೋ ಹೇಳುವಷ್ಟು ಕಲಿತೆ. ಬೇಲೆಕೇರಿಯಲ್ಲಿ ಆಗ ಹಡಗಿಗೆ ಅದಿರು ತುಂಬುತ್ತಿದ್ದ ಕಾಲ. ಲಾರಿಗಳ ಕೆಂಪು ಧೂಳು ಒಣಹಾಕಿದ ಮೀನಿನ ಮೇಲೆ ಬಂದು ಕೂರುತ್ತಿತ್ತು. "ಖಾರ ಹಚ್ಚೇ ತಂದಿದ್ದೆ ನೋಡಿ, ನಿಮ್ಗೆ ಕೆಲ್ಸ ಕಮ್ಮಿ" ಎಂದು ಆಯಿ ಗಿರಾಕಿಗಳನ್ನು ನಗಿಸಿ, ಆಮೇಲೆ ತೊಳೆದು ಕೊಡುತ್ತಿದ್ದಳು.

ಇಂಥವಳು ಕಲಿಸಿದ ನನ್ನ ಬಾಯಿ ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಿಂತುಹೋಯಿತು. ಜ್ವರವಿಲ್ಲ, ಗಾಯವಿಲ್ಲ. ಬೆಳಿಗ್ಗೆ ಏಳಬೇಕೆಂದರೆ ಮೈಮೇಲೆ ಒದ್ದೆ ಬಲೆ ಹೊದಿಸಿಟ್ಟ ಹಾಗೆ. ಬಂಗಡೆಯ ಸಾರು ಬಾಯಿಗಿಟ್ಟರೆ ಬಿಸಿನೀರು. ಅಂಗಡಿಯ ಬಾಗಿಲು ತೆರೆದು ಒಳಗೆ ಕೂರುತ್ತಿದ್ದೆ. ಬಂದವರು ಕೇಳಿದ್ದನ್ನು ಕಟ್ಟಿ ಕೊಡುತ್ತಿದ್ದೆ, ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಿದ್ದೆ. ಅಳುವುದಕ್ಕೂ ಬರುತ್ತಿರಲಿಲ್ಲ. ಕಾಯಿಲೆ ಎಂದು ಮನೆಯಲ್ಲಿ ಮೊದಲು ಪತ್ತೆಯಾದದ್ದು ಬದನೆಕಾಯಿಯಿಂದ. ತರಕಾರಿಯವಳು ಹೇಳಿದ ಬೆಲೆಯನ್ನು ಒಂದೇ ಮಾತಿಗೆ ಕೊಟ್ಟು ಬಂದಿದ್ದೆ. ಪಾಪ, ಅವಳೇ ಹೆದರಿ ಆಯಿಗೆ ಸುದ್ದಿ ಮುಟ್ಟಿಸಿದಳು.

"ಅವ್ಳು ಹೇಳಿದ್ಲು, ನೀ ಕೊಟ್ಟೆ? ಮಧ್ಯ ಯಂತ ಮಾತೂ ಇಲ್ಯ?" ಆಯಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಲ್ಲ."

"ನಿಂಗೆ ಸೊಕ್ಕು ಬಂದದೆ ಗುಲಾಬಿ. ಕುರ್ಚಿ ಮೇಲೆ ಕೂತ್ಕಂಡಿ ವ್ಯಾಪಾರ ಮಾಡಿದ್ರೆ ಹಿಂಗೇ ಆಗೂದು."

ಸೊಕ್ಕು, ಸೋಮಾರಿತನ, ದೃಷ್ಟಿ. ಈ ಮೂರರಲ್ಲಿ ದಿನಕ್ಕೊಂದರಂತೆ ನನಗೆ ಸಿಗುತ್ತಿತ್ತು. ಆಯಿ ನಮ್ಮ ಜೊತೆಯೇ ಇದ್ದಳು, ಅಡಿಗೆಮನೆ ಅವಳ ಕೈಯಲ್ಲಿತ್ತು, ನನ್ನನ್ನು ಎಬ್ಬಿಸಿ ಕೂರಿಸಿ ಉಣ್ಣಿಸುತ್ತಿದ್ದವಳೂ ಅವಳೇ. ಬೈಯುತ್ತಲೇ ಉಣ್ಣಿಸುತ್ತಿದ್ದಳು.

ನನ್ನ ಯಜಮಾನರು ತಾಂಡೇಲರು, ಅಂದರೆ ಬೋಟು ನಡೆಸುವವರು. ಮಾತು ಕಡಿಮೆ. ಒಂದು ಸಂಜೆ ನಾನು ಜೆಟ್ಟಿಯ ತುದಿಯಲ್ಲಿ ನೀರು ನೋಡುತ್ತ ಬಹಳ ಹೊತ್ತು ಕೂತುಬಿಟ್ಟಿದ್ದೆ. ಅವರು ಬಂದು ಪಕ್ಕದಲ್ಲಿ ಕೂತರು. "ನಾಳೆ ಬೋಟು ಬಿಡೂದಿಲ್ಲ. ಕಾರವಾರದ ಆಸ್ಪತ್ರೆಗೆ ಹೋಗ್ವ" ಅಂದರು. ಬದುಕೇ ಬೇಡ ಅನ್ನಿಸುತ್ತಿತ್ತೆಂದು ಮರುದಿನ ಡಾಕ್ಟರಿಗೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ನಿಮಗೂ ಹಾಗೆ ಅನ್ನಿಸಿದರೆ ಅದನ್ನು ಒಬ್ಬರಿಗಾದರೂ ಹೇಳಿ, ಆ ದಿನವೇ ಹೇಳಿ. ಮುಚ್ಚಿಟ್ಟರೆ ಕೆಡುವ ಸರಕು ಅದು.

ಮಾನಸಿಕ ವಿಭಾಗದ ಎದುರು ಕೂರಲು ನನಗೆ ಧೈರ್ಯವಿರಲಿಲ್ಲ. ಕಾರವಾರದಲ್ಲಿ ನನ್ನ ಗಿರಾಕಿಗಳಿಲ್ಲದ ಓಣಿ ಯಾವುದಿದೆ? ಆಚೆ ಕಡೆ ಕಣ್ಣಿನ ವಿಭಾಗದ ಬೆಂಚು ಇತ್ತು. ಅಲ್ಲಿ ಕೂತು ಕಣ್ಣುಜ್ಜುತ್ತ, ಈಚೆ ಕಡೆ ಹೆಸರು ಕರೆಯುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಶೆಟಗೇರಿಯ ಹೆಂಗಸೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಪೊರೆಯಾ?" ಎಂದು ಕೇಳಿದೆ. "ಹೌದು. ನಿಮ್ದು?" "ನಂದೂ ಪೊರೆ." ಸ್ವಲ್ಪ ಹೊತ್ತಿಗೆ ಮಾನಸಿಕ ವಿಭಾಗದಿಂದ ಹೆಸರು ಕರೆದರು. ಎದ್ದವಳು ಅವಳು. ನನ್ನ ಕಡೆ ತಿರುಗಿಯೂ ನೋಡದೆ ಹೋದಳು. ಹೊರಗೆ ಬರುವ ಹೊತ್ತಿಗೆ ನನ್ನ ಹೆಸರು ಕರೆದಿತ್ತು, ಬಾಗಿಲಲ್ಲೇ ಎದುರಾದೆವು. ಇಬ್ಬರಿಗೂ ನಗು ತಡೆಯಲಿಲ್ಲ. ಎಷ್ಟೋ ಕಾಲದ ಮೇಲೆ ನನಗೆ ಬಂದ ನಗು ಅದು, ಅದೂ ಆ ಬಾಗಿಲಲ್ಲಿ.

ಡಾಕ್ಟರು ನನ್ನ ತಮ್ಮನ ವಯಸ್ಸಿನವರು. ಹೆಸರು ಹೇಳಿದರು: ಖಿನ್ನತೆ. ಮಾತ್ರೆ ಬರೆದರು. ಮಿದುಳಿನ ರಾಸಾಯನಿಕಗಳಲ್ಲಿ ಏನೋ ಬದಲಾವಣೆ ಇರಬಹುದು ಎಂದು ನನ್ನ ಯಜಮಾನರಿಗೆ ತಿಳಿಸಿ ಹೇಳಿದರು. ಇವರು ಮನೆಗೆ ಬಂದು ಅದನ್ನು ನಮ್ಮ ಮಾತಿಗೆ ಇಳಿಸಿದರು: "ಆಯೀ, ಇವ್ಳ ತಲೇಲಿ ಎಂತದೋ ಕೆಮಿಕಲ್ ಹೆಚ್ಚುಕಮ್ಮಿ ಆಗದೆಯಂತೆ."

ಈಳಿಗೆಯ ಮೇಲೆ ಮೀನು ಹಿಡಿದಿದ್ದ ಆಯಿಯ ಕೈ ನಿಂತಿತು.

ನಮ್ಮ ಜನರಲ್ಲಿ ಆ ಮಾತನ್ನು ಆಡಬಾರದಿತ್ತು. ಹೊರಗಿನಿಂದ ಲಾರಿಯಲ್ಲಿ ಬರುವ ಮೀನಿಗೆ, ಕೆಡದಿರಲಿ ಎಂದು ಕೆಮಿಕಲ್ ಹಾಕುತ್ತಾರೆಂಬ ಸುದ್ದಿ ಹಿಂದೊಮ್ಮೆ ಹಬ್ಬಿ ಮಾರ್ಕೆಟ್ಟೇ ಖಾಲಿ ಹೊಡೆದಿತ್ತು. ಅಂದಿನಿಂದ ಮೀನು ಮಾರುವವರಿಗೆ ಕೆಮಿಕಲ್ ಎನ್ನುವುದು ತಾಯಿಯ ಹೆಸರೆತ್ತಿ ಬೈದ ಹಾಗೆ. ಆ ಮಾತು ಆಡಿದ ಗಿರಾಕಿಗಳನ್ನು ಆಯಿ ಬಸ್‌ಸ್ಟ್ಯಾಂಡಿನ ತನಕ ಬೈಯುತ್ತ ಅಟ್ಟಿಸಿಕೊಂಡು ಹೋದದ್ದಿದೆ.

"ಯಾವ್ ಡಾಕ್ಟರು ಹೇಳಿದ್ದು? ನನ್ನ ಮಗ್ಳ ತಲೇಲಿ ಕೆಮಿಕಲ್ಲಾ? ನಮ್ಮನೇಲಿ ಹಾಕೂದೂ ಇಲ್ಲ, ತಿನ್ನೂದೂ ಇಲ್ಲ!"

"ಅದು ಮೀನಿಂದಲ್ಲ ಆಯಿ, ಬೇರೆ ಕೆಮಿಕಲ್..." ಎಂದರು ಇವರು.

"ಕೆಮಿಕಲ್ಲಲ್ಲಿ ಬೇರೆ ಬೇರೆ ಅದೆಯ? ಮತ್ತೆ ಈ ಮಾತ್ರೆ? ಇದೂ ಅದೇ ಅಲ್ದ? ಕೆಮಿಕಲ್ ಹಾಕೂದು ಸತ್ತ ಮೀನಿಗೆ. ನನ್ನ ಮಗ್ಳು ಜೀವಂತ ಇದ್ದಾಳೆ."

ಮಾತ್ರೆಯ ಪಟ್ಟಿಗಳನ್ನೆಲ್ಲ ಎತ್ತಿಕೊಂಡು ಹೋಗಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನೀವು ಕೇಳಬಹುದು, ಊರಿಗೆಲ್ಲ ಬುದ್ಧಿ ಹೇಳುವ ನೀನು ಯಾಕೆ ಸುಮ್ಮನಿದ್ದೆ ಅಂತ. ವಾದ ಮಾಡುವ ಶಕ್ತಿ ಆಗ ಇದ್ದಿದ್ದರೆ ಅದಕ್ಕೆ ಕಾಯಿಲೆ ಎಂಬ ಹೆಸರೇಕೆ? ಇವರಿಗೋ, ಅತ್ತೆಯ ಎದುರು ಮಾತಾಡುವುದಕ್ಕಿಂತ ಬಿರುಗಾಳಿಯಲ್ಲಿ ಬೋಟು ತಿರುಗಿಸುವುದು ಸುಲಭ. ನಾನು ಮತ್ತೆ ಹಾಸಿಗೆ ಸೇರಿದೆ. ದಿನದಿಂದ ದಿನಕ್ಕೆ ತಳಕ್ಕೆ ಇಳಿಯುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿತ್ತು, ಕೂಗುವುದಕ್ಕೆ ಮಾತ್ರ ಗಂಟಲಿರಲಿಲ್ಲ.

ಮುಂದಿನ ಸಲ ಡಾಕ್ಟರು ಕೇಳಿದಾಗ ಇವರು ತಲೆ ತಗ್ಗಿಸಿ, ಮಾತ್ರೆ ಶುರುವೇ ಆಗಿಲ್ಲ ಎಂದು ಹೇಳಿದರು. ಡಾಕ್ಟರು ಗದರಲಿಲ್ಲ. ಸ್ವಲ್ಪ ಯೋಚಿಸಿ, ದಕ್ಷಿಣದ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನಂಥವರ ಮಿದುಳಿನ ರಾಸಾಯನಿಕಗಳನ್ನು ಮಿಷನ್ನಿನಲ್ಲಿ ನೋಡಿ ಅಧ್ಯಯನ ಮಾಡುತ್ತಿದ್ದಾರೆ, ಇನ್ನೂ ಮಾತ್ರೆ ಶುರು ಮಾಡದವರು ಅವರಿಗೆ ಬೇಕಾಗಿದ್ದಾರೆ, ಒಪ್ಪಿದರೆ ಈ ವಾರವೇ ಹೋಗಿ ಬನ್ನಿ, ಆದರೆ ಆ ದಿನದಿಂದಲೇ ಮಾತ್ರೆ ಶುರುವಾಗಬೇಕು, ಇನ್ನು ತಡ ಮಾಡುವ ಹಾಗಿಲ್ಲ ಅಂದರು.

ನನ್ನೊಳಗೆ ಎಲ್ಲೋ ಒಂದು ಕಣ್ಣು ತೆರೆಯಿತು.

"ಫೋಟೋ ಬರ್ತದಾ?"

"ಚಿತ್ರ ಬರುತ್ತೆ."

"ನಂಗೆ ಕೊಡ್ಬೇಕು. ಆಯಿಗೆ ತೋರಿಸೂಕೆ. ಕಾಯಿಲೆ ಇರೂದು ಅದ್ರಲ್ಲಿ ಕಾಣ್ತದಲ್ಲ?"

"ಕಾಣೋದಿಲ್ಲ" ಅಂದರು ಡಾಕ್ಟರು. "ಒಬ್ಬರ ಚಿತ್ರ ನೋಡಿ ಇವರಿಗೆ ಖಿನ್ನತೆ ಇದೆ, ಇವರಿಗಿಲ್ಲ ಅಂತ ಯಾರಿಗೂ ಹೇಳೋಕೆ ಬರೋದಿಲ್ಲ. ತುಂಬಾ ಜನರದ್ದು ಒಟ್ಟಿಗೆ ಇಟ್ಟು, ಕಾಯಿಲೆ ಇಲ್ಲದವರ ಜೊತೆ ಹೋಲಿಸಿ, ಏನಾದರೂ ವ್ಯತ್ಯಾಸ ಇದೆಯಾ ಅಂತ ಹುಡುಕೋದು. ನಮಗೂ ಪೂರ್ತಿ ಗೊತ್ತಿಲ್ಲ, ಅದಕ್ಕೇ ನೋಡೋದು."

"ಹಾಗಾರೆ ನಂಗೆಂತ ಲಾಭ?"

"ನಿಮಗೇನೂ ಇಲ್ಲ. ಮುಂದೆ ಬರುವವರಿಗೆ ಆಗಬಹುದು."

ನನ್ನ ಜೀವಮಾನದಲ್ಲಿ ಇಷ್ಟು ಕೆಟ್ಟ ವ್ಯಾಪಾರಿಯನ್ನು ನಾನು ನೋಡಿರಲಿಲ್ಲ. ಸರಕಿನಲ್ಲಿರುವ ಕುಂದನ್ನೆಲ್ಲ ತಾನೇ ಎತ್ತಿ ತೋರಿಸುವವನ ಹತ್ತಿರ ಹೇಗೆ ಚೌಕಾಶಿ ಮಾಡುವುದು? ಆದರೂ ಬಿಡಲಿಲ್ಲ. "ಫೋಟೋ ಕೊಡದಿದ್ರೆ ಬೇಡ. ನನ್ನ ಆಯಿಯನ್ನ ಒಳಗೆ ಕೂರಿಸಿ ಕಣ್ಣಾರೆ ತೋರಿಸ್ಬೇಕು. ಅದಕ್ಕೆ ಒಪ್ಪಿದ್ರೆ ನನ್ನ ತಲೆ ಕೊಡ್ತೆ." ಡಾಕ್ಟರು ನಕ್ಕುಬಿಟ್ಟರು. ಫೋನು ಮಾಡಿ ಕೇಳಿದರು. ಮಿಷನ್ನಿನ ಕೋಣೆಯೊಳಗೆ ಬೇಡ, ಗಾಜಿನ ಈಚೆ ಕೂರಲಿ ಎಂದಾಯಿತು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ತಿಂಗಳುಗಟ್ಟಲೆ ಆದ ಮೇಲೆ ನಾನು ಇನ್ನೊಬ್ಬರ ಜೊತೆ ಹಗ್ಗ ಜಗ್ಗಿದ್ದೆ.

ಆಯಿ ಹೊರಟದ್ದು ಬೇರೆಯೇ ಲೆಕ್ಕದಲ್ಲಿ. "ಬತ್ತೆ, ಯಂತಕ್ಕೆ ಬರೂದಿಲ್ಲ? ಅವ್ರ ಮಿಷನ್ನಲ್ಲೇ ನೋಡ್ವ. ಕೆಮಿಕಲ್ ಇಲ್ಲ ಅಂತ ಅವ್ರ ಬಾಯಿಂದ್ಲೇ ಹೇಳಿಸ್ತೆ." ಕಾಯಿಲೆ ಇದೆಯೆಂದು ತೋರಿಸಲು ನಾನು, ಇಲ್ಲವೆಂದು ತೋರಿಸಲು ಅವಳು, ಇಬ್ಬರೂ ಅಂಕೋಲೆಯಲ್ಲಿ ಒಂದೇ ರೈಲು ಹತ್ತಿದೆವು. ಇವರ ಬೋಟು ಆಗ ಸಮುದ್ರದಲ್ಲಿತ್ತು.

ಆ ರೈಲನ್ನು ನೆನೆಸಿಕೊಂಡರೆ ಈಗಲೂ ನನಗೆ ಒಣಸಿಗಡಿಯ ಚಟ್ನಿಯ ವಾಸನೆ ಬರುತ್ತದೆ. ಆಯಿ ಡಬ್ಬಿ ತೆರೆದ ಕೂಡಲೇ ಎದುರು ಸೀಟಿನ ಹಿರಿಯರೊಬ್ಬರು ಮೂಗಿಗೆ ಕರವಸ್ತ್ರ ಹಿಡಿದರು. "ಹಸಿವಾದವ್ರಿಗೆ ವಾಸ್ನೆ ಜೋರು ಬಡಿತದೆ. ತಕಳಿ" ಎಂದು ಅಕ್ಕಿರೊಟ್ಟಿಯ ಮೇಲೆ ಚಟ್ನಿ ಹಾಕಿ ಅವರ ಕೈಗೇ ಕೊಟ್ಟಳು. ಅವರು ಎರಡನೆಯ ರೊಟ್ಟಿಯನ್ನು ತಾವೇ ಕೇಳಿ ತೆಗೆದುಕೊಂಡರು. ದಾರಿಯುದ್ದಕ್ಕೂ ಆಯಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಗಂಗಾವಳಿ, ಅಘನಾಶಿನಿ, ಶರಾವತಿ. ಒಂದೊಂದು ಹೊಳೆಗೂ ಕೈ ಮುಗಿಯಲು ನನ್ನ ಕೈ ಬಿಟ್ಟು, ದಾಟಿದ ಮೇಲೆ ಮತ್ತೆ ಹಿಡಿಯುತ್ತಿದ್ದಳು. ಮದುವೆಯಾದ ಮೇಲೆ, ಅಂಗಡಿ ಹಾಕಿದ ಮೇಲೆ, ಆಯಿಯೊಬ್ಬಳ ಜೊತೆ ಹೀಗೆ ಕೂತು ಎಲ್ಲಿಗೂ ಹೋಗಿರಲಿಲ್ಲ. ಆ ದಿನ ಅದರ ಬೆಲೆ ನನಗೆ ಗೊತ್ತಾಗಲಿಲ್ಲ. ಕಿಟಕಿಯ ಹೊರಗೆ ಬರೀ ಬೂದಿ ಬಣ್ಣ ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದರು. ಬಳೆ, ಪಿನ್ನು, ಆ ಹಾಳು ಮೂಗುತಿ, ಕೊನೆಗೆ ಕರಿಮಣಿ.

"ಕರಿಮಣಿ ತೆಗಿಯೂದಾ? ಅವ್ಳ ಗಂಡ ಸಮುದ್ರದಲ್ಲಿ ಇದ್ದಾನೆ!" ಆಯಿಯ ದನಿಗೆ ಇಡೀ ಸಾಲು ತಿರುಗಿ ನೋಡಿತು.

ಗಂಡ ಕಡಲಿನಲ್ಲಿರುವಾಗ ನಮ್ಮ ಹೆಂಗಸರು ಕರಿಮಣಿ ಬಿಚ್ಚುವುದಿಲ್ಲ. ಮಿಷನ್ನು ನೋಡಿಕೊಳ್ಳುವ ಹುಡುಗಿ ಏನು ಮಾಡುವುದೆಂದು ತೋಚದೆ ನಿಂತಳು. ಆಯಿ ಸರಸರನೆ ಹೊರಗೆ ಹೋದವಳು ಎದುರಿನ ಅಂಗಡಿಯಿಂದ ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ ನನ್ನ ಕೊರಳಿಗೆ ಹಾಕಿ, ಆಮೇಲೆ ಕರಿಮಣಿ ಬಿಚ್ಚಿಕೊಂಡಳು. "ಇದು ಬೇರು ತಂಗಿ, ಕಬ್ಬಿಣ ಅಲ್ಲ. ನಿನ್ನ ಮಿಷನ್ನಿಗೆ ಯಂತ ಆಗೂದಿಲ್ಲ" ಎಂದು ಹುಡುಗಿಗೆ ಸಮಾಧಾನ ಹೇಳಿದವಳೂ ಅವಳೇ.

ಒಳಗೆ ಹೇಗಿರುತ್ತದೆಂದು ಹೆದರುವವರಿಗೆ ಹೇಳುತ್ತೇನೆ. ಚುಚ್ಚುವುದಿಲ್ಲ, ಸುಡುವುದಿಲ್ಲ. ಇಕ್ಕಟ್ಟು ಮತ್ತು ಸದ್ದು, ಅಷ್ಟೇ. ಜೆಟ್ಟಿಯಲ್ಲಿ ಮಂಜುಗಡ್ಡೆ ಪುಡಿ ಮಾಡುವ ಯಂತ್ರದೊಳಗೆ ತಲೆಯಿಟ್ಟು ಮಲಗಿದ ಹಾಗೆ. ಕೈಗೊಂದು ರಬ್ಬರಿನ ಗುಂಡು ಕೊಡುತ್ತಾರೆ, ತಡೆಯದಿದ್ದರೆ ಒತ್ತಬಹುದು. ಅಲುಗಬಾರದು. ನಾನು ಕಣ್ಣು ಮುಚ್ಚಿದೆ. ಆ ಗಡಗಡದಲ್ಲಿ ಭಯ ಮೇಲೇರುತ್ತ ಬಂತು. ಗುಂಡು ಒತ್ತಿಬಿಡೋಣ ಅನ್ನುವಷ್ಟರಲ್ಲಿ ಸದ್ದು ನಿಂತಿತು. ಕಿವಿಗೆ ಹಾಕಿದ್ದರಲ್ಲಿ "ಇನ್ನು ಸ್ವಲ್ಪ ಅಮ್ಮಾ, ಅಲುಗಬೇಡಿ" ಎಂದಳು ಹುಡುಗಿ. ಏನೋ ಗೊರಗೊರ ಕೇಳಿಸಿತು. ಆಮೇಲೆ ಮೀನು ಮಾರುವ ದೊಡ್ಡ ಗಂಟಲು:

"ಗುಲಾಬೀ, ನಾ ಇಲ್ಲೇ ಇದ್ದೆ ಗೇ."

ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಆ ಕಾಯಿಲೆಯಲ್ಲಿ ನನಗೆ ಬಂದ ಮೊದಲ ಅಳು. ಅಲುಗಬಾರದೆಂದು ಒರೆಸಿಕೊಳ್ಳದೆ ಹಾಗೇ ಬಿಟ್ಟೆ.

ಗಾಜಿನ ಈಚೆ ನಡೆದದ್ದನ್ನು ಆಮೇಲೆ ಆ ಹುಡುಗಿಯೇ ನಗುತ್ತ ಹೇಳಿದಳು. ಪರದೆಯ ಮೇಲೆ ಮಿದುಳಿನ ಚಿತ್ರ, ಅದರ ಮೇಲೊಂದು ಸಣ್ಣ ಚೌಕ, ಪಕ್ಕದಲ್ಲಿ ಅಲೆಯ ಹಾಗೆ ಏರಿಳಿಯುವ ಗೆರೆ. "ಈ ಏರು ಒಂದೊಂದೂ ಒಂದೊಂದು ಕೆಮಿಕಲ್ ಅಜ್ಜಿ" ಎಂದು ಅವಳು ತೋರಿಸಿದಳಂತೆ.

"ಅಂದ್ರೆ ಇದ್ದದ್ದು ಹೌದು?"

"ಹೌದಜ್ಜಿ."

"ಯಾರ್ ಹಾಕಿದ್ದು?"

ಹುಡುಗಿಗೆ ಅರ್ಥವಾಗಲಿಲ್ಲ. "ಯಾರೂ ಹಾಕೋದಲ್ಲ. ಹುಟ್ಟುವಾಗಲೇ ಇರೋದು. ನನ್ನ ತಲೆಯಲ್ಲೂ ಇದೆ, ನಿಮ್ಮ ತಲೆಯಲ್ಲೂ ಇದೆ."

"ತಿಂದದ್ರಿಂದ ಬಂದದ್ದಲ್ಲ?"

"ಅಲ್ಲಜ್ಜಿ."

"ಮೀನಿಂದ?"

"ಮೀನಿಗೂ ಇದಕ್ಕೂ ಯಾಕೆ ಗಂಟು ಹಾಕ್ತೀರಿ?"

ನಾನು ಹೊರಗೆ ಬರುವಾಗ ಆಯಿ ಬೆಂಚಿನ ಮೇಲೆ ನನ್ನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಜಗಳಕ್ಕೆ ಬಂದವಳ ಮುಖ ಅದಲ್ಲ. ಕರಿಮಣಿ ಹಾಕಿದಳು. ಅರಿಶಿನದ ದಾರ ಬಿಚ್ಚಲಿಲ್ಲ, ಅದೂ ಇರಲಿ ಅಂದಳು. ಆಮೇಲೆ ನನ್ನ ಮುಖ ನೋಡದೆ ಮಾತು ತೆಗೆದಳು.

"ಒಂದು ವರ್ಷ ನಮ್ಮಲ್ಲಿ ಮೀನೇ ಬೀಳ್ಲಿಲ್ಲ, ನಿಂಗೆ ನೆನಪಿಲ್ಲ. ಸಣ್ಣವ್ಳಿದ್ದೆ ನೀನು. ಲಾರಿ ಮೀನು ತಕಂಡಿ ಮಾರ್ತಿದ್ದೆ. ಮಾರ್ದೆ ಉಳಿದದ್ದನ್ನ ಮನೆಗೆ ತಂದಿ ನಿಂಗೇ ಹಾಕ್ತಿದ್ದೆ. ಬೇರೆ ಯಂತ ಇತ್ತು ಹಾಕೂಕೆ?" ನನ್ನ ಕೊರಳಿನ ಅರಿಶಿನದ ಕೊಂಬನ್ನು ನೆಟ್ಟಗೆ ಮಾಡಿದಳು. "ನಿನ್ನ ತಲೆಗೆ ಹೋಗಿ ಕೂತದ್ದು ಅದೇ ಅಂದ್ಕಂಡಿದ್ದೆ. ನಾನೇ ಹಾಕಿದ್ದು ಅಂದ್ಕಂಡಿದ್ದೆ."

ಅಲ್ಲಿಯ ತನಕ ಆಯಿಯ ಸಿಟ್ಟನ್ನು ನಾನು ಸಿಟ್ಟು ಎಂದೇ ತಿಳಿದಿದ್ದೆ.

"ಯಾರೂ ಹಾಕಿದ್ದಲ್ಲಂತೆ ಗುಲಾಬಿ" ಎಂದು ಅವಳೇ ನನಗೆ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಸೊಂಟದ ಎಲೆಯಡಿಕೆ ಸಂಚಿಗೆ ಕೈ ಹಾಕಿದಳು. ಬೀಗ ಹಾಕಿದ ಟ್ರಂಕಿನಲ್ಲಿ ಇರಬೇಕಾದ ಮಾತ್ರೆಯ ಪಟ್ಟಿ ಅದರೊಳಗಿತ್ತು. ಬರುವಾಗಲೇ ತಂದಿದ್ದಳು! ಉಗುರಿನಿಂದ ಒಂದು ಮಾತ್ರೆ ಬಿಡಿಸಿ, ಮೀನಿನ ಕಿವಿರು ಎತ್ತಿ ಮೂಸಿ ನೋಡುವ ಹಾಗೆಯೇ ಮೂಗಿನ ಹತ್ತಿರ ಹಿಡಿದಳು. "ಯಂತ ವಾಸ್ನೆಯೂ ಇಲ್ಲ. ತಕ."

ಅಲ್ಲಿಯ ಡಾಕ್ಟರನ್ನು ಕೇಳಿಯೇ ನುಂಗುತ್ತೇನೆಂದು ಹೇಳಿ ಅವಳನ್ನೇ ಕಳಿಸಿದೆ. ಕೇಳಿ ಬಂದು, ನೀರು ಕೊಟ್ಟಳು.

ಮಾತ್ರೆ ನುಂಗಿದ ಕೂಡಲೇ ಎಲ್ಲ ಸರಿಯಾಯಿತು ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಮೊದಲು ಬಾಯಿ ಒಣಗಿತು, ನಿದ್ದೆ ಹೆಚ್ಚಿತು, ಮನಸ್ಸು ಅಲ್ಲೇ ಇತ್ತು. ಒಂದು ಮಾತ್ರೆ ಬದಲಾಯಿಸಿದರು. ಡಾಕ್ಟರ ಹತ್ತಿರ ಕೂತು ಮಾತಾಡುವುದೂ ಔಷಧಿಯೇ ಎಂದು ತಡವಾಗಿ ಅರ್ಥವಾಯಿತು. ಒಳ್ಳೆಯದಾಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ. ನಾನು ಬಿಟ್ಟು ನೋಡಿದ್ದೇನೆ, ಮತ್ತೆ ಬಲೆಯಡಿ ಹೋಗಿದ್ದೇನೆ. ಅಧ್ಯಯನದ ವಿಷಯ ಮುಂದೊಮ್ಮೆ ಕೇಳಿದಾಗ ಡಾಕ್ಟರು, ಎಲ್ಲರದನ್ನೂ ಇನ್ನೂ ಸೇರಿಸಿ ನೋಡುತ್ತಿದ್ದಾರೆ, ದೊಡ್ಡದಾಗಿ ಹೇಳುವಂಥದ್ದು ಈಗಲೇ ಏನೂ ಇಲ್ಲ ಅಂದರು. ಫೋಟೋ ನನಗೆ ಸಿಗಲಿಲ್ಲ. ನಿಮ್ಮ ಮನೆಯವರು ಪುರಾವೆ ಕೇಳಿದರೆ ಅದು ಸಿಗುವ ತನಕ ಕಾಯಬೇಡಿ. ಮೊದಲು ಔಷಧಿ, ವಾದ ಆಮೇಲೆ. ಮತ್ತೆ, ಬೈಯುವವರು ಯಾವುದಕ್ಕೆ ಹೆದರಿದ್ದಾರೆಂದು ಒಂದು ಸಲ ಕೇಳಿ ನೋಡಿ. ನಾನು ಕೇಳಿರಲಿಲ್ಲ.

ಆಯಿ ಹೋದಾಗ ಬಹಳ ಅತ್ತೆ. ಅಳು ಬರುತ್ತಿದೆಯಲ್ಲ, ಇದು ದುಃಖ, ಆ ಕಾಯಿಲೆಯಲ್ಲ ಎಂದು ಅಳುತ್ತಲೇ ಗುರುತಿಸಿಕೊಂಡೆ. ಆದರೂ ಕರ್ಮ ಮುಗಿದ ಮೇಲೆ ಡಾಕ್ಟರಲ್ಲಿಗೆ ಹೋಗಿ ಬಂದೆ. ತಪಾಸಣೆಯಲ್ಲಿ ನಾಚಿಕೆ ಯಾಕೆ?

ನಾನು ಚೇತರಿಸಿಕೊಳ್ಳುತ್ತಿದ್ದ ಆ ದಿನಗಳು ಈಗ ಬಹಳ ನೆನಪಾಗುತ್ತವೆ. ಅಂಗಡಿ ಪೂರ್ತಿ ನಡೆಸುವಷ್ಟು ಬಲ ಇನ್ನೂ ಬಂದಿರಲಿಲ್ಲ. ಬೆಳಗಿನ ಹೊತ್ತು ಅಂಕೋಲೆಗೆ ಹೋಗಿ ಆಯಿಯ ಪಕ್ಕ ಕೂರುತ್ತಿದ್ದೆ, ಸಣ್ಣವಳಿದ್ದಾಗಿನ ಹಾಗೆ. ಒಂದು ದಿನ ಬಂಗಡೆ ಚೆನ್ನಾಗಿ ಬಿದ್ದಿತ್ತು, ಮಾರ್ಕೆಟ್ಟು ತುಂಬಿತ್ತು. ನಾನು ಮೂಲೆಯ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಅಷ್ಟು ಜನರ ತಲೆಯ ಮೇಲಿಂದ ಆಯಿ ಕೂಗಿದಳು:

"ಗುಲಾಬೀ, ಮಾತ್ರೆ ತಕಂಡ್ಯನೇ?"

ನಾಚಿಕೆಯಿಂದ ನನಗೆ ಅಲ್ಲೇ ನೆಲಕ್ಕೆ ಇಳಿದುಹೋದಂತಾಯಿತು. ಎದುರು ಮೀನು ಆರಿಸುತ್ತಿದ್ದ ಹೆಂಗಸು, "ಯಂತ ಮಾತ್ರೆ ನಿಮ್ಮ ಮಗ್ಳಿಗೆ?" ಎಂದು ಕೇಳಿದಳು.

"ತಲೇದು."

"ತಲೆನೋವಾ?"

"ನೋವಲ್ಲ. ಮನಸ್ಸು ಬೇಜಾರಾಗಿ ಏಳೂಕೇ ಆಗ್ತಿರಲಿಲ್ಲ ಅವ್ಳಿಗೆ. ಈಗ ಅಡ್ಡಿಲ್ಲ."

ಆ ಹೆಂಗಸು ಮೀನು ಕಟ್ಟಿಸಿಕೊಂಡ ಮೇಲೂ ಹೋಗಲಿಲ್ಲ. ನಾನು ಬಂದು ಕೂತ ಮೇಲೆ ಬಗ್ಗಿ, ಬುಟ್ಟಿಯಲ್ಲಿ ಏನೋ ಹುಡುಕುವವಳ ಹಾಗೆ ನನ್ನ ಕಿವಿಯ ಹತ್ತಿರ ಬಂದಳು. "ಆ ಡಾಕ್ಟರು ಯಾವ ದಿನ ಸಿಗ್ತಾರೆ? ನನ್ನ ಸೊಸೆಗೆ" ಅಂದಳು. ಹೇಳಿದೆ. ಎಲ್ಲಿ ಕೇಳಬೇಕು, ಯಾವ ಬಸ್ಸಿಗೆ ಹೋದರೆ ಅನುಕೂಲ, ಎಲ್ಲವನ್ನೂ ಹೇಳಿದೆ. ಅವಳು ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಂಡಳು.

ಆಯಿ ತಲೆ ಎತ್ತಲಿಲ್ಲ. ಬುಟ್ಟಿಯಿಂದ ಇನ್ನೊಂದು ಬಂಗಡೆ ತೆಗೆದು ಅವಳ ಚೀಲಕ್ಕೆ ಹಾಕಿದಳು. ಗಿರಾಕಿ ಕೇಳದೆ ಆಯಿ ಕೊಸರು ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.